ಜೂನ್, ಜುಲೈ, ಆಗಸ್ಟ್

ಗಂಗಾವತಿಯ ಬಸ್ ಸ್ಟ್ಯಾಂಡಿನಿಂದ ಮೊದಲ ಟಂಟಂ ಹಿಡಿದರೆ
ಬಿಸಿಲೇರುವ ಮುಂಚೆ ಬೆಟ್ಟದ ಬುಡ.
ಬೆಟ್ಟ ಅಂದರೆ ಬೆಟ್ಟವಲ್ಲ,
ಯಾರೋ ಲಾರಿಗಟ್ಟಲೆ ಬಂಡೆ ಸುರಿದು
ಲೆಕ್ಕ ಬರೆಯದೆ ಹೋದ ಹಾಗೆ.
ಅದರ ನೆತ್ತಿಯಲ್ಲೆಲ್ಲೋ ಹಳದಿ ಕೊರಳಿನ ಪಿಕಳಾರ.

ಕೂಗು ಕೇಳಿಸುತ್ತದೆ. ದಿನಾ ಕೇಳಿಸುತ್ತದೆ.
ಹಕ್ಕಿ ಕಾಣುವುದು ಹತ್ತರಲ್ಲಿ ಒಂದು ಸಲ,
ಅದೂ ಬೆನ್ನು.

ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಕಾಲಂ.
ದಿನಾಂಕ, ಹೊತ್ತು, ಬಂಡೆಯ ಗುರುತು,
ಕೂತ ಗಿಡ: ಕಾರೆ, ಕವಳೆ, ಬಂಡೆ ಸೀಳಿ ಬೆಳೆದ ಬಸರಿ,
ತಿಂದ ಹಣ್ಣು. ಇಲ್ಲಿಯವರೆಗೆ ಸರಾಗ.
ಮುಂದೆ ಗೂಡು. ಮೊಟ್ಟೆ ಎಷ್ಟು.
ಕಾವು ಕೂರುವುದು ಒಂದೋ, ಎರಡೂ ಸರದಿಯೋ.
ಮರಿ ಎಷ್ಟು ದಿನಕ್ಕೆ ಹಾರುತ್ತದೆ,
ಹಾರಿ ಯಾವ ಬೆಟ್ಟ ಸೇರುತ್ತದೆ,
ನಡುವಿನ ಭತ್ತದ ಬಯಲನ್ನು ದಾಟುವ ಎದೆ ಅದಕ್ಕಿದೆಯೋ ಇಲ್ಲವೋ,
ಮೇ ತಿಂಗಳಲ್ಲಿ ನೀರೆಲ್ಲಿ ಕುಡಿಯುತ್ತದೆ.
ನಾಲ್ಕು ವರ್ಷದಿಂದ ಈ ಬದಿ ಅಚ್ಚ ಬಿಳಿ.

ಆಡು ಮೇಯಿಸುವ ಹುಲುಗಪ್ಪ ಇಣುಕಿ ನೋಡಿ
'ಇಷ್ಟು ಹಾಳಿ ಸುಮ್ನ ಬಿಟ್ಟೀರಲ್ರೀ ಮೇಡಂ,
ನನ್ನ ಮೊಮ್ಮಗಗರ ಕೊಟ್ಟಿದ್ರ ಅಕ್ಷರ ತಿದ್ದತಿದ್ದ' ಅಂದ.
ಹಕ್ಕಿಯ ಬಗ್ಗೆ ಅವನದೇ ಒಂದು ವರದಿ:
'ಅರಿಷಿಣ ಹಚ್ಚಿಸಿಕೊಂಡು, ಮದುವಿ ಒಲ್ಲೆ ಅಂತ
ಗುಡ್ಡ ಏರಿದ್ದು ಅದು. ಕಾಣಸಂಗಿಲ್ಲ ಬಿಡ್ರಿ.'
ನಾನು ನಗಲಿಲ್ಲ. ಇಳಿಯುವಾಗ ನಕ್ಕೆ.

ಗೈಡ್ ಬರೆದರು: ಸಂತಾನೋತ್ಪತ್ತಿಯ ಮಾಹಿತಿ ಇಲ್ಲದೆ
ಇದು ಪ್ರಬಂಧವಲ್ಲ, ಬರೀ ಪಟ್ಟಿ.
ಜೂನ್, ಜುಲೈ, ಆಗಸ್ಟ್ ಎಲ್ಲಿ?

ಸರ್, ಅತಿಥಿ ಉಪನ್ಯಾಸಕಿಗೆ
ಪರೀಕ್ಷೆ ಮುಗಿದ ದಿನವೇ ಸಂಬಳವೂ ಮುಗಿಯುತ್ತದೆ.
ಮತ್ತೆ ಕರೆಯುವ ತನಕ
ಬೈಪಾಸಿನ ರೈಸ್ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯುತ್ತೇನೆ,
ಬೆಳಿಗ್ಗೆ ಏಳರಿಂದ ರಾತ್ರಿ ಎಂಟು.
ಹಕ್ಕಿ ಗೂಡು ಕಟ್ಟುವುದು, ಬಹುಶಃ, ಅದೇ ತಿಂಗಳಲ್ಲಿ.
ಬಹುಶಃ ಅಂದೆ. ನೋಡಿದವರಾರು?
ನಾನಿಲ್ಲದಾಗ ಬೆಟ್ಟದಲ್ಲಿ ಏನು ನಡೆಯಿತೆಂದು
ಯಾವ ಕಾಲಂನಲ್ಲಿ ಬರೆಯಲಿ?

ಇಷ್ಟೂ ಬರೆದು, ಹರಿದು,
'ಮಳೆಯ ಕಾರಣ' ಎಂದು ಉತ್ತರ ಕಳಿಸಿದೆ.
ಆ ವರ್ಷ ಮಳೆಯೇ ಇರಲಿಲ್ಲ.

ಹೋದ ಜುಲೈ. ಬಾಯ್ಲರ್ ಕೆಟ್ಟು ಮಿಲ್ಲು ನಿಂತ ಬುಧವಾರ
ತಲೆಯ ತೌಡು ಕೊಡವದೆ ಹೊರಟೆ.
ಬೈನಾಕ್ಯುಲರ್ ಕಾಲೇಜಿನ ಬೀರುವಿನೊಳಗೆ,
ಬೀಗದ ಕೈ ಪ್ರಿನ್ಸಿಪಾಲರ ಹತ್ತಿರ,
ಕಣ್ಣು ಮಾತ್ರ ನನ್ನವು.

ಎರಡು ಬಂಡೆ ಹಣೆಗೆ ಹಣೆ ತಾಗಿಸಿ ನಿಂತ ಕಡೆ
ಬಂತು.
ಮೊದಲ ಬಾರಿ ಎದುರಿನಿಂದ, ಕೊರಳು ಪೂರ್ತಿ.
ಕೊಕ್ಕಿನಲ್ಲಿ ಏನೋ ಇತ್ತು,
ಸಣ್ಣದು, ಉದ್ದ, ತುದಿ ಅಲ್ಲಾಡುತ್ತಿತ್ತು
ಗಾಳಿಗೋ, ತಾನಾಗಿಯೋ.
ಅತ್ತ ನೋಡಿತು, ನನ್ನನ್ನು ನೋಡಿತು,
ಸಂದಿಯೊಳಗೆ ಇಳಿಯಿತು.

'ಹುಲ್ಲೋ, ಹುಳಾನೋ?' ಬೆನ್ನ ಹಿಂದೆ ಹುಲುಗಪ್ಪ.

ಹುಲ್ಲಾದರೆ ಈಗಷ್ಟೇ ಕಟ್ಟುತ್ತಿದೆ.
ಹುಳವಾದರೆ ಒಳಗೆ ಬಾಯಿಗಳಿವೆ.
ಕಾದೆವು. ಮೂರು ತಾಸು.
ಹೊರಗೆ ಬರಲಿಲ್ಲ, ಇಲ್ಲವೇ ಆ ಬದಿಯಿಂದ ಹೋಯಿತು.
ಮಿಲ್ಲಿನಿಂದ ಫೋನು: ಬಾಯ್ಲರ್ ಸರಿಯಾಗಿದೆ.

ಆರನೆಯ ಕಾಲಂ, ಗೂಡು ಎಂಬಲ್ಲಿ,
ತೂಕದ ಚೀಟಿಯ ಅದೇ ನೀಲಿ ಪೆನ್ನಿನಿಂದ ಬರೆದೆ:
ಕೊಕ್ಕಿನಲ್ಲಿ ಏನೋ ಇತ್ತು.
ಹುಲುಗಪ್ಪ ಎರಡು ಸಲ ಓದಿಸಿಕೊಂಡು
'ಬರೋಬರಿ ಐತಿ' ಅಂದ.
ಆಮೇಲೆ ಆಡುಗಳನ್ನು
ಸಂದಿಯ ಕಡೆ ಬಿಡದೆ,
ಸುತ್ತು ದಾರಿ ಹಿಡಿಸಿ ಕೆಳಗೆ ಇಳಿಸಿದ.